"ಫೈಲ್ ಆಗಿದೆ ಮಾರಾಯ" ಅಂದವನನ್ನು ನಂಬಿ ಕೆಟ್ಟೆ: ಎಚ್‌-1ಬಿ ಇರುವವರು ಓದಿ

ಇದನ್ನು ಬರೆಯಬಾರದು ಅಂತಲೇ ಇದ್ದೆ. ನಾಚಿಕೆ. ಆದರೆ ಮೊನ್ನೆ ಸಾಗರದ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ. ಡಲ್ಲಾಸ್‌ನಲ್ಲಿ ಎಂಎಸ್ ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ಸಿಕ್ಕಿದ್ದು ನನಗೆ ಮೋಸ ಮಾಡಿದ ಅದೇ ಕನ್ಸಲ್ಟಿಂಗ್ ಕಂಪನಿ, ಅದೇ ಓನರ್. "ತುಂಬಾ ಒಳ್ಳೆಯವರು ಅಣ್ಣ, ನಮ್ಮ ಶಿವಮೊಗ್ಗ ಕಡೆಯವರೇ. ಫೋನ್ ಎತ್ತಿದ ಕೂಡಲೇ ಅಡಿಕೆ ರೇಟು ಕೇಳಿದರು" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಹತ್ತಿರವೂ ಹಾಗೇ ಶುರು ಮಾಡಿದ್ದ. ರಾಶಿ ಅಡಿಕೆ ಎಷ್ಟಿದೆ, ಈ ಸಲ ಕೊಳೆರೋಗ ಜಾಸ್ತಿಯಾ, ಅಪ್ಪ ಹೇಗಿದ್ದಾರೆ.

ನಾನು ತೀರ್ಥಹಳ್ಳಿ ತಾಲೂಕಿನವನು. ನನ್ನ ಎಚ್‌-1ಬಿ (ಅಮೆರಿಕದಲ್ಲಿ ಕೆಲಸ ಮಾಡುವ ವೀಸಾ) ಶುರುವಾಗಿದ್ದು 2021ರ ಅಕ್ಟೋಬರ್ 1ಕ್ಕೆ. ಮೊದಲ ಮೂರು ವರ್ಷ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತಿತ್ತು. ಇನ್ನೂ ಮೂರು ವರ್ಷ ಮುಂದುವರಿಸಬಹುದು, ಅದು ನಿಮಗೆ ಗೊತ್ತೇ ಇದೆ. ಅರ್ಜಿ ಹಾಕುವುದು ನಾವಲ್ಲ, ಕಂಪನಿ. ಅವಧಿ ಮುಗಿಯುವ ಆರು ತಿಂಗಳ ಮುಂಚಿನಿಂದ ಹಾಕಬಹುದು. ಹಾಗಾಗಿ ಏಪ್ರಿಲ್‌ನಲ್ಲೇ ಓನರ್ ಹತ್ತಿರ ಕೇಳಲು ಶುರು ಮಾಡಿದೆ. "ಆಗುತ್ತೆ ಮಾರಾಯ, ಟೈಮ್ ಇದೆ" ಅಂದ.

ಮೇ ತಿಂಗಳಲ್ಲಿ ಅವನೇ ಫೋನ್ ಮಾಡಿದ. ಫೈಲಿಂಗ್ ಫೀ, ಲಾಯರ್ ಫೀ, ಬೇಗ ತೀರ್ಮಾನವಾಗಲು ಕಟ್ಟುವ ಪ್ರೀಮಿಯಂ ಎಲ್ಲ ಸೇರಿ 6,500 ಡಾಲರ್ ಹಾಕು, ಆಮೇಲೆ ಸಂಬಳದಲ್ಲಿ ಅಡ್ಜಸ್ಟ್ ಮಾಡೋಣ ಅಂದ. ನನ್ನ ಹತ್ತಿರ ಎಲ್ಲಿತ್ತು? ಅದೇ ವರ್ಷ ಎರಡು ತಿಂಗಳು ಪ್ರಾಜೆಕ್ಟ್ ಇಲ್ಲ ಅಂತ ಬೆಂಚಿನಲ್ಲಿ ಕೂರಿಸಿ ಒಂದು ಪೈಸೆ ಕೊಟ್ಟಿರಲಿಲ್ಲ. (ಅದೂ ಕಾನೂನಿಗೆ ವಿರುದ್ಧ. ಕೆಲಸ ಇರಲಿ ಬಿಡಲಿ, ಎಚ್‌-1ಬಿ ನೌಕರನಿಗೆ ಸಂಬಳ ಕೊಡಲೇಬೇಕು. ಆಗ ಗೊತ್ತಿರಲಿಲ್ಲ.) ಮನೆಗೆ ಫೋನ್ ಮಾಡಿದೆ. ಮಳೆಗಾಲ ಕಳೆದು ರೇಟು ಏರಿದ ಮೇಲೆ ಕೊಡೋಣ ಅಂತ ಅಪ್ಪ ಹನ್ನೊಂದು ಕ್ವಿಂಟಾಲ್ ರಾಶಿ ಅಡಿಕೆ ಇಟ್ಟುಕೊಂಡಿದ್ದ. ಒಂದು ಮಾತು ಕೇಳದೆ ಶಿವಮೊಗ್ಗದ ಮಂಡಿಗೆ ಹಾಕಿ ದುಡ್ಡು ಕಳಿಸಿದ. ಆ ಓನರ್ ಫೋನಿನಲ್ಲಿ ಪ್ರತಿ ಸಲ ರೇಟು ಕೇಳುತ್ತಿದ್ದದ್ದು ಯಾಕೆ ಅಂತ ಈಗ ಯೋಚಿಸುತ್ತೇನೆ. ನಮ್ಮ ಮನೆಯಲ್ಲಿ ಎಷ್ಟು ಅಡಿಕೆ ಇದೆ ಅಂತ ನಾನೇ ಹೇಳಿದ್ದೆ ನೋಡಿ.

ಜೂನ್‌ನಲ್ಲಿ "ಫೈಲ್ ಆಗಿದೆ ಮಾರಾಯ, ಆರಾಮಾಗಿರು" ಅಂತ ಮೆಸೇಜ್ ಬಂತು. ಅರ್ಜಿ ಸೇರಿದ್ದಕ್ಕೆ ಇಮಿಗ್ರೇಷನ್‌ನವರು ಕೊಡುವ ರಿಸೀಪ್ಟ್ ಕೇಳಿದೆ. ಲಾಯರ್ ಹತ್ತಿರ ಇದೆ. ಜುಲೈನಲ್ಲಿ ಕೇಳಿದೆ. ಲಾಯರ್ ರಜೆಯಲ್ಲಿದ್ದಾರೆ. ಆಗಸ್ಟ್‌ನಲ್ಲಿ ಕೇಳಿದೆ. "ಎಷ್ಟು ಸಲ ಕೇಳ್ತೀಯ, ನಂಬಿಕೆ ಇಲ್ವಾ?" ಅಂದ. ಆ ಮಾತಿಗೆ ನಾನೇ ಸಾರಿ ಕೇಳಿದೆ. ಸಾರಿ ಕೇಳಿದೆ ಕಣ್ರೀ!

ಸೆಪ್ಟೆಂಬರ್ ಎರಡನೇ ವಾರ ರಿಸೀಪ್ಟ್ ನಂಬರ್ ಕಳಿಸಿದ. ಪೇಪರ್ ಅಲ್ಲ, ಬರೀ ನಂಬರ್, ವಾಟ್ಸಾಪ್‌ನಲ್ಲಿ. ಮೂರು ಅಕ್ಷರ, ಹತ್ತು ಅಂಕಿ. ರಾತ್ರಿ ಅನ್ನಕ್ಕೆ ಇಟ್ಟು ಅಡುಗೆಮನೆಯಲ್ಲೇ ನಿಂತು ಇಮಿಗ್ರೇಷನ್ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಮೇಲೆ ದಪ್ಪ ಅಕ್ಷರದಲ್ಲಿ "ಅಪ್ರೂವ್ ಆಗಿದೆ" ಅಂತ ಇತ್ತು. ಕೈ ನಡುಗಿತು. ತಕ್ಷಣ ಅಮ್ಮನಿಗೆ ಫೋನ್. ಅಮ್ಮ ಮಾರನೇ ದಿನವೇ ತೀರ್ಥಹಳ್ಳಿಯ ರಾಮೇಶ್ವರ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿ, ಕೇರಿಗೆಲ್ಲ ಪ್ರಸಾದ ಹಂಚಿ, "ಮಗನಿಗೆ ಇನ್ನು ಮೂರು ವರ್ಷ ಸಿಕ್ತು" ಅಂತ ಸಾರಿಬಿಟ್ಟಳು.

ಅಕ್ಟೋಬರ್ 7, ಸೋಮವಾರ. ನಮ್ಮ ಕಂಪನಿಗೂ ನಾನು ಕೆಲಸ ಮಾಡುತ್ತಿದ್ದ ಕ್ಲೈಂಟ್‌ಗೂ ನಡುವಿದ್ದ ವೆಂಡರ್ ಕಂಪನಿಯ ಎಚ್‌ಆರ್ ಹೊಸ ಐ-797 (ಅಪ್ರೂವಲ್ ಪೇಪರ್) ಕಳಿಸಿ ಅಂದಳು. ಓನರ್ ಫೋನ್ ಎತ್ತಲಿಲ್ಲ. ಹಳೆಯದನ್ನಾದರೂ ಕಳಿಸೋಣ ಅಂತ ಪ್ಲಾಸ್ಟಿಕ್ ಫೈಲ್ ತೆಗೆದೆ. 2021ರ ಅಪ್ರೂವಲ್ ಪೇಪರ್. ಎಡಗಡೆ ಮೇಲೆ ರಿಸೀಪ್ಟ್ ನಂಬರ್. ಕೊನೆಯ ನಾಲ್ಕು ಅಂಕಿ ಎಲ್ಲೋ ನೋಡಿದ ಹಾಗಿದೆಯಲ್ಲ ಅನಿಸಿತು. ವಾಟ್ಸಾಪ್ ತೆರೆದು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದೆ. ಹದಿಮೂರಕ್ಕೆ ಹದಿಮೂರೂ ಒಂದೇ! ನನ್ನದೇ ಹಳೇ ನಂಬರ್ ನನಗೇ ಕಳಿಸಿದ್ದ. ವೆಬ್‌ಸೈಟಿನಲ್ಲಿ ಅದರ ಕೆಳಗಿನ ಸಾಲಿನಲ್ಲಿ 2021 ಅಂತ ತಾರೀಕು ಸಮೇತ ಇತ್ತು. ಖುಷಿಯಲ್ಲಿ ನಾನು ವರ್ಷ ನೋಡಿರಲಿಲ್ಲ. ಇಂಜಿನಿಯರ್ ಅಂತೆ ನಾನು.

ನಾಲ್ಕನೇ ಸಲಕ್ಕೆ ಫೋನ್ ಎತ್ತಿದ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಅಯ್ಯೋ, ಸ್ಟಾಫ್ ತಪ್ಪು ನಂಬರ್ ಕಳಿಸಿರಬೇಕು ಮಾರಾಯ."

ಸರಿಯಾದ ನಂಬರ್ ಕೊಡಿ ಸರ್ ಅಂದೆ.

"ನಾಳೆ ಕೊಡ್ತೀನಿ. ನೀನು ಹೆದರಬೇಡ, 240 ದಿನ ಕೆಲಸ ಮಾಡಬಹುದು."

ಇದು ಅರ್ಧ ಸತ್ಯ, ಸುಳ್ಳಿಗಿಂತ ಕೆಟ್ಟದ್ದು. 240 ದಿನ ಸಿಗುವುದು ಐ-94 (ಎಷ್ಟು ದಿನ ಅಲ್ಲಿ ಇರಬಹುದು ಅಂತ ತೋರಿಸುವ ದಾಖಲೆ) ಮುಗಿಯುವ ಮೊದಲು ಅರ್ಜಿ ಇಮಿಗ್ರೇಷನ್‌ನವರ ಕೈ ಸೇರಿದ್ದರೆ ಮಾತ್ರ. ಮೂರು ದಿನ ಬಿಟ್ಟು ಮತ್ತೆ ಫೋನ್ ಮಾಡಿದೆ. ಆಗ ರಾಗ ಬದಲಾಯಿತು.

"ನೀನು ಕ್ಲೈಂಟ್ ಲೆಟರ್ ತರಲಿಲ್ಲ. ಅದಿಲ್ಲದೆ ಹೇಗೆ ಫೈಲ್ ಮಾಡೋದು?"

ಕ್ಲೈಂಟ್ ಕಂಪನಿಯಿಂದ ಲೆಟರ್ ಬೇಕು ಅಂತ ಅವನು ಯಾವತ್ತೂ ಕೇಳಿರಲಿಲ್ಲ. ಹಾಗಾದರೆ ದುಡ್ಡು?

"ಅದು ಪ್ರೊಸೆಸಿಂಗ್‌ಗೆ ಖರ್ಚಾಯ್ತು. ನಿನ್ನ ಕೇಸು, ನೀನೇ ಫಾಲೋಅಪ್ ಮಾಡಬೇಕಿತ್ತು ತಮ್ಮ."

ತಮ್ಮ ಅಂತೆ.

200 ಡಾಲರ್ ಕೊಟ್ಟು ಬೇರೆ ಲಾಯರ್ ಹತ್ತಿರ ಅರ್ಧ ಗಂಟೆ ಮಾತಾಡಿದೆ. ಅವರು ಮೊದಲು ಕೇಳಿದ್ದೇ ಎಲ್‌ಸಿಎ (ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಕೊಡುವ ಪತ್ರ) ಎಲ್ಲಿ ಅಂತ. ಅರ್ಜಿ ಹಾಕುವ ಮೊದಲು ಕಾರ್ಮಿಕ ಇಲಾಖೆಯಿಂದ ಕಂಪನಿ ಅದನ್ನು ಮಾಡಿಸಬೇಕು, ಏಳು ಕೆಲಸದ ದಿನದಲ್ಲಿ ಬರುತ್ತದೆ, ನೌಕರನಿಗೆ ಕಾಪಿ ಕೊಡಬೇಕು. ನನ್ನ ಹತ್ತಿರ ಇರಲಿಲ್ಲ. ಎಲ್‌ಸಿಎ ಇಲ್ಲ ಅಂದರೆ ಫೈಲಿಂಗೂ ಇಲ್ಲ, ಅಷ್ಟೇ. ಇನ್ನೊಂದು ಮಾತನ್ನೂ ಹೇಳಿದರು: ಲಾಯರ್ ಫೀ, ಫೈಲಿಂಗ್ ಫೀ ಕಂಪನಿಯ ಖರ್ಚು. ಅದರಲ್ಲಿ ತರಬೇತಿ ಶುಲ್ಕ ಅಂತ 750 ಅಥವಾ 1,500 ಡಾಲರ್ ಬರುತ್ತದಲ್ಲ, ಅದನ್ನಂತೂ ನೌಕರನಿಂದ ಯಾವ ಕಾರಣಕ್ಕೂ ವಸೂಲಿ ಮಾಡುವ ಹಾಗಿಲ್ಲ.

ಕೆಲಸ ಬಿಟ್ಟು ಊರಿಗೆ ಹೊರಟುಬಂದೆ. ದೀಪಾವಳಿಗೆ ನಾಲ್ಕು ದಿನ ಇತ್ತು, ಕೊಯ್ಲು ಶುರುವಾಗಿತ್ತು. "ಹಬ್ಬಕ್ಕೆ ಬಂದ್ಯಾ, ಎಷ್ಟು ದಿನ ರಜೆ?" ಅಂತ ಎಲ್ಲರೂ ಕೇಳಿದರು. ಮೂರು ವಾರ ಅಂದೆ. ಆಮೇಲೆ ಆರು ವಾರ ಅಂದೆ. ಆಮೇಲೆ ಯಾರೂ ಕೇಳಲಿಲ್ಲ.

ನನಗೆ ಇನ್ನೂ ಮೂರು ವರ್ಷ ಬಾಕಿ ಇದೆ, ಅರ್ಜಿದಾರರನ್ನು ಆರಿಸುವ ಲಾಟರಿ ಮತ್ತೆ ಬೇಕಿಲ್ಲ. 2025ರಲ್ಲಿ ಬೇರೆ ಕಂಪನಿಯೊಂದು ತಯಾರಾಗಿತ್ತು. ಅಷ್ಟರಲ್ಲಿ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂತು. ಅಮೆರಿಕದ ಹೊರಗಿರುವವರಿಗೆ ಹೊಸ ಅರ್ಜಿ ಹಾಕಿದರೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕಿತ್ತು. ಅಲ್ಲೇ ಇದ್ದು ನವೀಕರಿಸಿಕೊಳ್ಳುವವರಿಗೆ ಅದಿರಲಿಲ್ಲ. ಅಂದರೆ ಅವನು ಜೂನ್‌ನಲ್ಲಿ ನೆಟ್ಟಗೆ ಫೈಲ್ ಮಾಡಿದ್ದರೆ ಇದು ನನ್ನ ತಲೆಗೆ ಬರುತ್ತಲೇ ಇರಲಿಲ್ಲ. ಆ ಕಂಪನಿ ಮರ್ಯಾದೆಯಿಂದ ಕೈ ಎತ್ತಿತು.

ಸಾಗರದ ಹುಡುಗನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಫೀ ನೀನು ಹಾಕು ಅಂದ ದಿನವೇ ಬೇರೆ ಕಂಪನಿ ಹುಡುಕಿ. ಎಲ್‌ಸಿಎ ಕಾಪಿ ಕೇಳಿ. ರಿಸೀಪ್ಟ್ ಅಂದರೆ ಪೇಪರ್, ಐ-797ಸಿ, ಅದರಲ್ಲಿ ನಿಮ್ಮ ಹೆಸರು ಮತ್ತು ಅರ್ಜಿ ಸೇರಿದ ತಾರೀಕು ಇರಬೇಕು. ತಾರೀಕು ನೋಡಿ, ವರ್ಷ ನೋಡಿ. ನಮ್ಮೂರಿನವನು ಅಂತ ಸಲಿಗೆ ಕೊಡಬೇಡಿ.

ದೂರು ಕೊಡಲು ಡಬ್ಲ್ಯೂಎಚ್‌-4 ಅಂತ ಫಾರ್ಮ್ ಇದೆ, ಅಮೆರಿಕದ ಕಾರ್ಮಿಕ ಇಲಾಖೆಗೆ ಇಲ್ಲಿಂದಲೇ ಕಳಿಸಬಹುದು. ಮೋಸ ನಡೆದ 12 ತಿಂಗಳ ಒಳಗೆ ಕೊಡಬೇಕು. ನಾನು ಫಾರ್ಮ್ ತುಂಬಿ ಇಟ್ಟಿದ್ದೆ. ನಾಳೆ ಕಳಿಸೋಣ, ಕೊಯ್ಲು ಮುಗಿಯಲಿ, ಮಳೆ ಬಿಡಲಿ ಅಂತ ಮುಂದೂಡಿದೆ. ನಿಜ ಹೇಳಬೇಕೆಂದರೆ ನಾಚಿಕೆಯಾಗಿತ್ತು. ಹನ್ನೆರಡು ತಿಂಗಳು ಕಳೆದುಹೋಯಿತು. ಫಾರ್ಮ್ ಈಗಲೂ ಅದೇ ಪ್ಲಾಸ್ಟಿಕ್ ಫೈಲಿನಲ್ಲಿ, ಹಳೇ ಅಪ್ರೂವಲ್ ಪೇಪರಿನ ಹಿಂದೆ ಇದೆ.