ರೇಡಿಯೋ ಬದುಕು: ಎಕ್ವೆನ್ಸಿಯೋ, ಸೋಯಿಂಕಾನೋ?

ನೈಜೀರಿಯಾದ ಈ ಇಬ್ಬರು ಲೇಖಕರಲ್ಲಿ ಯಾರ ಜೀವನ ಮೊದಲು ಓದಲಿ ಎಂದು ಕೇಳಿದ್ದೀರಿ. ರೇಡಿಯೋ ಕೆಲಸವನ್ನೇ ಒಳಗಿನಿಂದ ತಿಳಿಯಬೇಕಿದ್ದರೆ ಸಿಪ್ರಿಯನ್ ಎಕ್ವೆನ್ಸಿ (1921–2007). ಔಷಧಶಾಸ್ತ್ರ ಓದಿದ ಇವರು 1957ರಿಂದ ನೈಜೀರಿಯಾ ಬಾನುಲಿಯ ರೂಪಕ ವಿಭಾಗದ ಮುಖ್ಯಸ್ಥರು. ರೇಡಿಯೋಗೆಂದೇ ಕತೆ, ನಾಟಕ ಬರೆದರು.

ವೋಲೆ ಸೋಯಿಂಕಾ 1960ರಲ್ಲೇ ರೇಡಿಯೋ ನಾಟಕ ಬರೆದವರು. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು 1965ರಲ್ಲಿ ನೈಜೀರಿಯಾದ ಇಬಾದಾನ್ ನಗರದಲ್ಲಿ ನಡೆದ ಘಟನೆ. ಅಲ್ಲಿನ ರೇಡಿಯೋದಲ್ಲಿ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥವರು) ಭಾಷಣ ಪ್ರಸಾರವಾಗಬೇಕಿತ್ತು. ಬಂದೂಕು ತೋರಿಸಿ ಬೇರೆ ಟೇಪ್ ಹಾಕಿಸಿದರೆಂಬ ಆರೋಪ ಸೋಯಿಂಕಾ ಮೇಲೆ ಬಂತು. ಕೋರ್ಟು ಬಿಡುಗಡೆ ಮಾಡಿತು. ರೇಡಿಯೋಗೆ ಆಗ ಎಂಥ ಶಕ್ತಿಯಿತ್ತು, ಅಲ್ವಾ?

ಓದಲು ಸಿಗುವ ವಿಷಯದಲ್ಲಿ ಸೋಯಿಂಕಾ ಮುಂದೆ. ತಮ್ಮ ನೆನಪುಗಳನ್ನು ತಾವೇ ಹಲವು ಪುಸ್ತಕಗಳಲ್ಲಿ ಬರೆದಿದ್ದಾರೆ, ಭಾಷೆ ಮಾತ್ರ ಸ್ವಲ್ಪ ಬಿಗಿ. ಸರಳ ಇಂಗ್ಲಿಷ್ ಬೇಕೆನ್ನುವವರಿಗೆ ಎಕ್ವೆನ್ಸಿಯ ಲಾಗೋಸ್ ನಗರದ ಕತೆಗಳೇ ಹಿತ.