ಬೀಟಾನಾ, ಸಿಗ್ಮಾನಾ? ಬಿಕ್ಕಟ್ಟಿನಲ್ಲಿ ಪ್ರದೇಶಗಳ ಅಂತರ ಅಳೆಯುವಾಗ

ಬಡ ಪ್ರದೇಶಗಳು ಆದಾಯದಲ್ಲಿ ಶ್ರೀಮಂತ ಪ್ರದೇಶಗಳ ಹತ್ತಿರ ಬರುತ್ತಿವೆಯಾ ಎಂದು ನೋಡಲು ಬೀಟಾ, ಸಿಗ್ಮಾ ಎಂಬ ಎರಡು ಅಳತೆಗಳು ಹೆಚ್ಚು ಬಳಕೆಯಲ್ಲಿವೆ. 1992ರಲ್ಲಿ ಅರ್ಥಶಾಸ್ತ್ರಜ್ಞರಾದ ಬಾರೋ ಮತ್ತು ಸಾಲಾ-ಇ-ಮಾರ್ಟಿನ್ ಬರೆದ ಪ್ರಬಂಧದ ನಂತರ ಇವು ಇನ್ನಷ್ಟು ಜನಪ್ರಿಯವಾದವು.

ಬೀಟಾ ಕೇಳುವುದು ವೇಗ: ಹಿಂದಿದ್ದವರು ಜಾಸ್ತಿ ಬೇಗ ಬೆಳೆದರಾ? ಸಿಗ್ಮಾ ಕೇಳುವುದು ಹರಡು: ಎಲ್ಲರ ನಡುವಿನ ಅಂತರ ಈಗ ಎಷ್ಟು? ಬೀಟಾ ಇಲ್ಲದೆ, ಅಂದರೆ ಹಿಂದಿದ್ದವರು ಬೇಗ ಬೆಳೆಯದೆ, ಸಿಗ್ಮಾ ಇಳಿಯುವುದಿಲ್ಲ. ಆದರೆ ಬೀಟಾ ಇದ್ದರೂ ಹೊಸ ಹೊಸ ಪೆಟ್ಟುಗಳಿಂದ ಹರಡು ಹಿಗ್ಗಬಹುದು. ಆರ್ಥಿಕ ಬಿಕ್ಕಟ್ಟು ಎಂದರೆ ಇಂಥ ಪೆಟ್ಟುಗಳೇ ಅಲ್ವಾ? ಹಾಗಾಗಿ ಒಂದನ್ನೇ ಆರಿಸಬೇಕಾದರೆ ನನ್ನ ಮತ ಸಿಗ್ಮಾಗೆ. ಅದನ್ನು ವರ್ಷವರ್ಷವೂ ಲೆಕ್ಕ ಹಾಕಬಹುದು. ಬೀಟಾಗೆ ಉದ್ದನೆಯ ಅವಧಿ ಇದ್ದರೇ ಚೆನ್ನ.

ಆದರೂ ಸಿಗ್ಮಾ ಸುಮ್ನೆ ನಂಬುವಂಥದ್ದಲ್ಲ. ಒಂದು ಪ್ರದೇಶದ ತಲಾ ಆದಾಯ 100, ಇನ್ನೊಂದರದ್ದು 50 ಎನ್ನಿ. ಕಾರ್ಖಾನೆಗಳು ಮುಚ್ಚಿ ಮೊದಲನೆಯದು 80ಕ್ಕೆ ಬಿತ್ತು. ಸರ್ಕಾರಿ ಸಂಬಳ, ಪಿಂಚಣಿಗಳ ಮೇಲೆ ನಿಂತ ಎರಡನೆಯದು 45ಕ್ಕೆ ಇಳಿಯಿತು. ಅಂತರ 50ರಿಂದ 35ಕ್ಕೆ! ಕಾಗದದ ಮೇಲೆ ಒಮ್ಮುಖ (ಅಂದರೆ ಅಂತರ ಕುಗ್ಗಿದೆ), ನಿಜದಲ್ಲಿ ಇಬ್ಬರೂ ಬಡವಾದರು. ಮುಂದೆ ಮೊದಲನೆಯದು ಮತ್ತೆ 100 ಮುಟ್ಟಿ, ಎರಡನೆಯದು 45ರಲ್ಲೇ ಉಳಿದರೆ ಅಂತರ 55.

ಅದಕ್ಕೇ ಸಿಗ್ಮಾ ಪಕ್ಕದಲ್ಲಿ ಸರಾಸರಿ ಆದಾಯವನ್ನೂ ಇಟ್ಟುಕೊಳ್ಳಿ. ಬಿಕ್ಕಟ್ಟು ಶುರುವಾದ ವರ್ಷಕ್ಕೆ ಲೆಕ್ಕ ನಿಲ್ಲಿಸದೆ ಚೇತರಿಕೆಯ ವರ್ಷಗಳನ್ನೂ ಸೇರಿಸಿ.