ಸೀಗಡಿ ಹೊಂಡಕ್ಕ ಪ್ರೋಬಯೋಟಿಕ್: ನೀರಿಗೆ ಹಾಕಿ, ಬ್ಯಾರಲ್‌ನಾಗ ಕೊಳಸಿ, ಫೀಡ್‌ಗೆ ಹಚ್ಚಿ, ಮೂರೂ ನೋಡಿದ್ವಿ

ಹಾನಗಲ್ ಕಡೆ ನಮ್ಮ ಹೊಲದಾಗ ಮೂರು ಹೊಂಡ ಅದಾವ, ಒಂದೊಂದು 15 ಗುಂಟೆ, ಎರಿ ಮಣ್ಣು, ಬೋರಿನ ನೀರು. ಮೊದಲ ಕಾಟ್ಲಾ ರೋಹು ಅಷ್ಟ ಬಿಡ್ತಿದ್ವಿ, ಆಮ್ಯಾಲೆ ಸಿಹಿನೀರಿನ ಸೀಗಡಿ, ಅಂದ್ರ ಸ್ಕ್ಯಾಂಪಿ ಶುರು ಮಾಡಿದ್ವಿ. ಮೊದಲನೇ ಬೆಳಿಗೆ ಪ್ರೋಬಯೋಟಿಕ್, ಅಂದ್ರ ಒಳ್ಳೇ ಬ್ಯಾಕ್ಟೀರಿಯಾ, ಏನೂ ಹಾಕಿರಲಿಲ್ಲ, ಹೊಂಡಕ್ಕ ಸರಾಸರಿ 58 ಕೆಜಿ ಬಂತು, ಬ್ಯಾಸಿಗ್ಯಾಗ ಚಿಪ್ಪಿನ ಮ್ಯಾಲೆ ಕಪ್ಪು ಚುಕ್ಕಿ ಬಿದ್ದು ಮೀಸಿ ಮುರದು ಭಾಳ ಸತ್ವು, ದಿನಾ ಮುಂಜಾನಿ ದಂಡಿಗೆ ಹೋಗಿ ಸತ್ತಿದ್ದು ಆರಿಸಿ ತಗೊಂಡ್ ಬರೂದು ಅಂದ್ರ ಹೊಟ್ಟಿ ಉರೀತಿತ್ತು. ಅದಕ್ಕ ಎರಡನೇ ಬೆಳಿಯಾಗ ಮೂರು ಹೊಂಡಕ್ಕ ಮೂರು ಥರಾ ಮಾಡಿ ನೋಡೂಣು ಅಂತ ನಾನೂ ನಮ್ಮ ತಮ್ಮನೂ ಕುಂತು ಮಾತಾಡಿದ್ವಿ. ಆಂಧ್ರದ ಒಂದ ಹ್ಯಾಚರಿಯ ಒಂದ ಬ್ಯಾಚಿನ ಮರಿ, ಹೊಂಡಕ್ಕ 4,500, ಅಂದ್ರ ಚದರ ಮೀಟರಿಗೆ 3. ಫೀಡ್ ಒಂದ, ಸುಣ್ಣ ಒಂದ, ಏಳು ತಿಂಗಳು.

ಒಂದನೇ ಹೊಂಡಕ್ಕ ಪ್ಯಾಕೆಟ್ ಪೌಡರ್, ನೀರಿಗೆ ಹಾಕೂದು. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಅನ್ನೂ ಬ್ಯಾಕ್ಟೀರಿಯಾ ಇದ್ದದ್ದು, ಗ್ರಾಂಗೆ 100 ಕೋಟಿ ಅಂತ ಬರದಿತ್ತು. ಈ ಬ್ಯಾಸಿಲಸ್ ಬೀಜದಂಗ ಗಟ್ಟಿ ಸ್ಪೋರ್ ಕಟ್ಟಿಕೊಂಡು ಮಲಗಿರ್ತೈತಿ, ಅದಕ್ಕ ಪೌಡರ್ ಒಳಗ ತಿಂಗಳಗಟ್ಟಲೆ ಉಳೀತೈತಿ. 10 ದಿನಕ್ಕೊಮ್ಮೆ 300 ಗ್ರಾಂ, ಹೊಂಡದ ನೀರಿನಾಗ ಒಂದಿಷ್ಟು ಬೆಲ್ಲ ಹಾಕಿ ಎರಡು ತಾಸು ನೆನಸಿ, ಮುಂಜಾನಿ 9-10ರ ಸುಮಾರಿಗೆ ನೀರಿಗೆ ಗಾಳಿ ಕೊಡೂ ಏರೇಟರ್ ಹಚ್ಚಿ ಉಗ್ಗತಿದ್ವಿ. ಎರಡು ತಿಂಗಳಾದ ಮ್ಯಾಲೆ ನಮ್ಮ ತಮ್ಮ ಮುಳುಗಿ ತಳದಿಂದ ಒಂದು ಮುಟಿಗಿ ಕೆಸರು ತಂದ. ಹಿಂದಿನ ವರ್ಷ ಇದ ಹೊಂಡದ ಕೆಸರು ಕರೀ ಎಣ್ಣಿಯಂಗ, ಕೊಳತ ತತ್ತಿ ವಾಸನಿ ಹೊಡೀತಿತ್ತು, ಈ ಸಲ ಬೂದು ಬಣ್ಣ, ಮೂಗಿನ ಹತ್ರ ಹಿಡದ್ರೂ ಬರೇ ಮಣ್ಣಿನ ವಾಸನಿ. ಟೆಸ್ಟ್ ಕಿಟ್‌ನಾಗ ಅಮೋನಿಯಾ 1ರಿಂದ 0.25ಕ್ಕ ಇಳದಿತ್ತು. ಉಳದ ಫೀಡು, ಹಿಕ್ಕಿ, ಸತ್ತ ಪಾಚಿ ಎಲ್ಲಾ ಈ ಬ್ಯಾಕ್ಟೀರಿಯಾ ತಿಂದು ಕರಗಸ್ತಾವು, ಸೀಗಡಿ ತಳದಾಗ ಇರೂ ಪ್ರಾಣಿ ಆದ್ದರಿಂದ ತಳ ಸ್ವಚ್ಛ ಇದ್ರ ಅರ್ಧ ರೋಗ ಅಲ್ಲೇ ನಿಲ್ತೈತಿ.

ಆದ್ರ ಈ ಬ್ಯಾಕ್ಟೀರಿಯಾಕ್ಕ ಆಕ್ಸಿಜನ್ ಬೇಕು, ಭಾಳ ಬೇಕು, ಬಿಸಿಲ ಇಲ್ಲದಿದ್ರ ನೀರಿನಾಗ ಅದ ಕಡಿಮಿ. ಶ್ರಾವಣದಾಗ ಮೂರು ದಿನ ಮೋಡ ಮುಸುಕಿ ಬಿಸಿಲ ಇರಲಿಲ್ಲ, ನಾನು ಹತ್ತು ದಿನ ಆತಲ್ಲ ಅಂತ ಲೆಕ್ಕ ಹಿಡದು ಪೌಡರ್ ಹಾಕಿಬಿಟ್ಟೆ, ತ್ರೀಫೇಸ್ ಕರೆಂಟ್ ನಡುರಾತ್ರಿ ಹೋತು, ಏರೇಟರ್ ನಿಂತು, ಮುಂಜಾನಿ ಐದಕ್ಕ ಬ್ಯಾಟರಿ ಹಿಡಕೊಂಡು ಹೋದ್ರ ಸೀಗಡಿ ಎಲ್ಲಾ ದಂಡಿಗೆ ಬಂದು ಹುಲ್ಲು ಹಿಡಕೊಂಡು ಕುಂತಾವ, ಕೆಂಪ ಕಣ್ಣು ಸಾಲಾಗಿ ಹೊಳೀತಿದ್ವು. ಬೋರ್ ಶುರು ಮಾಡಿ ನೀರು ಮ್ಯಾಲಿಂದ ಬೀಳೂ ಹಂಗ ಬಿಟ್ಟು ಉಳಿಸಿಕೊಂಡ್ವಿ, ಆದ್ರೂ ಎರಡು ಬುಟ್ಟಿ ಹೋತು. ಮೋಡ ಇದ್ರ, ಕರೆಂಟಿನ ಭರವಸಾ ಇರದಿದ್ರ ಅವತ್ತು ಹಾಕಬ್ಯಾಡ್ರಿ, ಎರಡು ದಿನ ತಡಾ ಆದ್ರ ಏನೂ ಆಗೂದಿಲ್ಲ. ಇನ್ನೊಂದು ಮಾತು, ನೀರು ಶುದ್ಧ ಆಗ್ಲಿ ಅಂತ ಪರ್ಮಾಂಗನೇಟ್ ಇಲ್ಲಾ ಅಯೋಡಿನ್ ಹಾಕಿ ಮರುದಿನಾನ ಪ್ರೋಬಯೋಟಿಕ್ ಹಾಕೂದು ನಮ್ಮ ಕಡೆ ಭಾಳ ಮಂದಿ ಮಾಡ್ತಾರ, ಅದು ಬಿತ್ತಿದ ಹೊಲಕ್ಕ ಕಳಿನಾಶಕ ಹೊಡದಂಗ, ನಡುವ ಕಡಿಮಿ ಅಂದ್ರ ಎರಡು ಮೂರು ದಿನ ಬಿಡಬೇಕು.

ಎರಡನೇ ಹೊಂಡಕ್ಕ ಬ್ಯಾರಲ್. 200 ಲೀಟರ್ ಡ್ರಮ್ಮಿನಾಗ ಹೊಂಡದ ನೀರು, 10 ಕೆಜಿ ಅಕ್ಕಿ ತೌಡು, 3 ಕೆಜಿ ಬೆಲ್ಲ, ಈಸ್ಟ್, ಮತ್ತ ಒಂದನೇ ಹೊಂಡದ್ದ ಪೌಡರ್ ಬರೇ 50 ಗ್ರಾಂ ಹೆಪ್ಪಿನಂಗ, ಏರ್ ಪಂಪ್ ಹಚ್ಚಿ ಒಂದು ದಿನ ಬಿಡೂದು. ಖರ್ಚು ಕಡಿಮಿ, ಅದಕ್ಕ ಎಲ್ಲಾರಿಗೂ ಇದರ ಮ್ಯಾಲೆ ಆಸಿ. ಚಲೋ ಆದ ದಿನ ಮುಚ್ಚಳ ತಗದ್ರ ದ್ವಾಸಿ ಹಿಟ್ಟು ಹುಳಿ ಬಂದಂಗ ವಾಸನಿ, ಮ್ಯಾಲೆ ಬಿಳಿ ನೊರಿ. ಬೆಲ್ಲ ಬಿದ್ದ ಮ್ಯಾಲೆ ಬ್ಯಾಕ್ಟೀರಿಯಾ ಬೆಳ್ಯಾಕ ನೀರಿನೊಳಗಿನ ಅಮೋನಿಯಾನೂ ಎಳಕೋತಾವು, ನೀರಿನಾಗ ಬ್ಯಾಕ್ಟೀರಿಯಾ ಬೆಳಸಿ ಮೀನು ಸಾಕೂ ಬಯೋಫ್ಲಾಕ್‌ನವರು ಮಾಡೂದೂ ಇದನ್ನ, ಅಷ್ಟರ ಮಟ್ಟಿಗೆ ಕೆಲಸ ಮಾಡಿದ್ದು ಖರೇನ. ಆದ್ರ ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತ್ರ ಬ್ಯಾರಲ್ ಒಳಗ ಯಾವುದು ಬೆಳೀತೈತಿ ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ಬೆಲ್ಲ ಒಳ್ಳೇ ಬ್ಯಾಕ್ಟೀರಿಯಾಕ್ಕ ಅಷ್ಟ ಅಲ್ಲ, ಏರೋಮೊನಾಸ್‌ನಂಥ ರೋಗದ ಬ್ಯಾಕ್ಟೀರಿಯಾಕ್ಕೂ ಊಟಾನ. ಒಮ್ಮೆ ಗಟಾರ ವಾಸನಿ ಬಂತು, ಚೆಲ್ಲಿದ್ವಿ. ಇನ್ನೊಮ್ಮೆ ಸ್ವಲ್ಪ ಅನುಮಾನ ಇತ್ತು, 3 ಕೆಜಿ ಬೆಲ್ಲ ಹಾಳಾಗತೈತಲ್ಲ ಅಂತ ಸುರುವಿಬಿಟ್ವಿ, ಮೂರು ದಿನ ಚೆಕ್ ಟ್ರೇಯಾಗ (ತಿಂದಾವೋ ಇಲ್ಲೋ ನೋಡಾಕ ನೀರಿನಾಗ ಇಡೂ ತಟ್ಟಿ) ಫೀಡ್ ಹಾಕಿದ್ದು ಹಾಕಿದಂಗ ಇತ್ತು. ಅವು ಮಾತಾಡೂದಿಲ್ಲಲ್ಲ, ಟ್ರೇನ ಅವುಗಳ ಬಾಯಿ.

ಮೂರನೇ ಹೊಂಡಕ್ಕ ನೀರಿಗೆ ಏನೂ ಹಾಕಲಿಲ್ಲ, ಫೀಡ್‌ಗೆ ಹಚ್ಚಿದ್ವಿ. ಲ್ಯಾಕ್ಟೋಬ್ಯಾಸಿಲಸ್ ಮತ್ತ ಬ್ಯಾಸಿಲಸ್ ಕೂಡಿದ್ದು, ಕೆಜಿ ಫೀಡ್‌ಗೆ 5 ಗ್ರಾಂ, ತತ್ತಿಯ ಬಿಳಿ ಲೋಳಿಯಾಗ ಕಲಸಿ, ಫೀಡ್‌ಗೆ ಸವರಿ, ಪಡಸಾಲ್ಯಾಗ ನೆಳ್ಳಾಗ ಅರ್ಧ ತಾಸು ಆರಿಸಿ, ಸಂಜಿ ಊಟಕ್ಕ ಅಷ್ಟ. ಸೀಗಡಿ ರಾತ್ರಿ ಭಾಳ ತಿಂತಾವು, ಅದಕ್ಕ ಸಂಜಿ. ಲ್ಯಾಕ್ಟೋಬ್ಯಾಸಿಲಸ್ ಸ್ಪೋರ್ ಕಟ್ಟೂದಿಲ್ಲ, ಬಿಸಿಗೆ ಸಾಯ್ತೈತಿ, ಫ್ರಿಡ್ಜ್‌ನಾಗ ಇಡಬೇಕು. ನಮ್ಮವ್ವ ಮೊಸರಿನ ಬಾಜೂಕ ಸೀಗಡಿ ಔಷಧ ಇಡಾಕ ಒಪ್ಪಲಿಲ್ಲ, ಮೊಸರಿನಾಗ ಇರೂದೂ ಇದ ಜಾತೀದ ಅವ್ವಾ ಅಂತ ತಿಳಿಸಿ ಹೇಳಿದ ಮ್ಯಾಲೆ ಕೆಳಗಿನ ಡಬ್ಬಿಯಾಗ ಜಾಗಾ ಕೊಟ್ಲು.

ಒಂದು ತಿಂಗಳಿಗೆ ಫರಕ್ ಕಂಡಿದ್ದು ಕರಳಿನಾಗ. ಸಣ್ಣ ಸೀಗಡಿ ಕೈಯಾಗ ಹಿಡದು ಬಿಸಿಲಿಗೆ ಎತ್ತಿದ್ರ ಬೆನ್ನಿನಗುಂಟ ಕರಳು ಕಾಣತೈತಿ, ಮೂರನೇ ಹೊಂಡದ್ದು ತಲಿಯಿಂದ ಬಾಲದ ತನಕಾ ತುಂಬಿದ ಕಂದು ಗೆರಿ, ಬ್ಯಾರಲ್ ಹೊಂಡದ್ದು ಅಲ್ಲಲ್ಲಿ ಹರದು ತುಂಡ ತುಂಡಾಗಿತ್ತು. ಪೊರಿ ಬಿಟ್ಟ ಮ್ಯಾಲೆ ಚಿಪ್ಪು ಲಗೂನ ಗಟ್ಟಿ ಆಗ್ತಿತ್ತು, ಬ್ಯಾಸಿಗ್ಯಾಗ ಕಪ್ಪು ಚುಕ್ಕಿ ಇಲ್ಲ ಅಂತಲ್ಲ, ಇದ್ವು, ಆದ್ರ ಬೆರಳಿನಾಗ ಎಣಸೂವಷ್ಟು.

ಬಲಿ ಎಳದಾಗ ಪೌಡರ್ ಹೊಂಡ 81 ಕೆಜಿ, ಬ್ಯಾರಲ್ 64, ಫೀಡ್ ಹೊಂಡ 88. ಖರ್ಚು ನೋಡಿದ್ರ ಪೌಡರ್ 6 ಕೆಜಿ ಹೋತು, ನಮಗ 4,200 ರೂಪಾಯಿ ಬಿತ್ತು, ಫೀಡ್‌ಗೆ ಹಚ್ಚಿದ್ದು ಕೆಜಿಗಿಂತ ಕಡಿಮಿ, 1,400 ರೂಪಾಯಿ. ಒಂದ ಬೆಳಿ, ಮೂರ ಹೊಂಡ, ಇದರ ಮ್ಯಾಲೆ ಗೆರಿ ಕೊರದಂಗ ಹೇಳಾಕ ಬರೂದಿಲ್ಲ, ಆದ್ರ ರೊಕ್ಕ ಒಂದಕ್ಕಷ್ಟ ಐತಿ ಅನ್ನೋರಿಗೆ ನಾನು ಫೀಡ್‌ಗೆ ಹಚ್ಚರಿ ಅಂತನ ಹೇಳ್ತೀನಿ. ಅದರ ಕೊರತಿನೂ ಹೇಳಬೇಕು, ಏಳನೇ ತಿಂಗಳಿಗೆ ಆ ಹೊಂಡದ ಕೆಸರು ಮತ್ತ ಕರ್ರಗಾಗಿತ್ತು, ಕಡೀ ತಿಂಗಳು ತೂಕ ಏರಲೇ ಇಲ್ಲ. ಕರಳಿಗೆ ಹೋದ ಬ್ಯಾಕ್ಟೀರಿಯಾ ತಳ ತೊಳೀತೈತಿ ಅಂತ ಕಾಯಬಾರದು.

ಇವು ಯಾವೂ ಔಷಧ ಅಲ್ಲ ಅನ್ನೂದು ಮಾತ್ರ ತಲಿಯಾಗ ಇಟಗೋರಿ. ಸ್ಕ್ಯಾಂಪಿ ಮರಿಗೆ ಬಾಲ ಬೆಳ್ಳಗಾಗೂ ರೋಗ ಬರತೈತಲ್ಲ, ಅದು ವೈರಸ್, ಬಂತಂದ್ರ ಪ್ಯಾಕೆಟ್ ಮ್ಯಾಲೆ ಪ್ಯಾಕೆಟ್ ಸುರುವಿದ್ರೂ ನಿಲ್ಲೂದಿಲ್ಲ, ಪಿಸಿಆರ್ ಟೆಸ್ಟ್‌ನಾಗ ವೈರಸ್ ಇಲ್ಲ ಅಂತ ಬಂದ ಮರಿ ತರೂದೊಂದ ದಾರಿ. ಕುಮಟಾದ ಗಜನಿಯಾಗ, ಅಂದ್ರ ಉಪ್ಪುನೀರು ಏರೂ ಗದ್ದ್ಯಾಗ, ನಮ್ಮ ಭಾವ ಉಪ್ಪುನೀರಿನ ವನಾಮಿ ಸೀಗಡಿ ಬೆಳೀತಾರ, ಅವರ ಕಡೆ ಬಿಳಿ ಚುಕ್ಕಿ ವೈರಸ್ಸಿನದೂ ಇದ ಕಥಿ, ವಿಬ್ರಿಯೋ ಬ್ಯಾಕ್ಟೀರಿಯಾ ಹತೋಟಿಗೆ ಮಾತ್ರ ಬ್ಯಾಸಿಲಸ್ ಉಪಯೋಗ ಆಗತೈತಿ ಅಂತಾರ, ಲ್ಯಾಬಿನ ಪ್ಲೇಟಿನಾಗ ವಿಬ್ರಿಯೋದ ಹಸರು ಕಾಲೊನಿ (ಬ್ಯಾಕ್ಟೀರಿಯಾ ಗುಂಪು) ಎಷ್ಟು ಅಂತ ಎಣಿಸೇ ಹಾಕ್ತಾರ.

ಹುಬ್ಬಳ್ಳಿಯ ಒಂದು ಅಂಗಡಿಯಾಗ ನನಗ ತಾರೀಕಿನ ಮ್ಯಾಲೆ ಸ್ಟಿಕರ್ ಹಚ್ಚಿದ ಪ್ಯಾಕೆಟ್ ಕೊಟ್ಟಿದ್ರು, ಕಿತ್ತು ನೋಡಿದ್ರ ಅವಧಿ ಮುಗದು ಐದು ತಿಂಗಳಾಗಿತ್ತು, ಕೇಳಿದ್ರ ಏನಾಗೂದಿಲ್ಲ ತಗೋರಿ ಅಂದ್ರು. ಅದ ಅಂಗಡಿಯಾಗ ರೋಗಕ್ಕ ಅಂತ ಹೆಸರಿಲ್ಲದ ಆಂಟಿಬಯೋಟಿಕ್ ಪುಡಿನೂ ಕೊಡಾಕ ಬಂದ್ರು. ಕ್ಲೋರಾಮ್ಫೆನಿಕಾಲ್, ನೈಟ್ರೋಫ್ಯುರಾನ್ ಇಂಥವು ಸೀಗಡಿಗೆ ನಿಷೇಧ ಅದಾವ, ತಿನ್ನೋರ ಹೊಟ್ಟಿಗೂ ಹೋಗತಾವು, ಮ್ಯಾಲೆ ಹಾಕಿದ ಪ್ರೋಬಯೋಟಿಕ್ಕನ್ನೂ ಕೊಲ್ಲತಾವು. ಬ್ಯಾಕ್ಟೀರಿಯಾದ ಹೆಸರು, ಗ್ರಾಂಗೆ ಎಷ್ಟು, ತಯಾರಾದ ತಾರೀಕು, ಈ ಮೂರು ಬರೀದ ಪ್ಯಾಕೆಟ್ ಮುಟ್ಟಬ್ಯಾಡ್ರಿ.

ಈಗ ಮೂರೂ ಹೊಂಡ ಬತ್ತಿಸಿ ಒಣಗಾಕ ಬಿಟ್ಟೀವಿ, ಎರಿ ಬಿರುಕು ಬಿಟ್ಟೈತಿ. ಈ ಸಲ ಮೂರಕ್ಕೂ ಮೊದಲ ದಿನದಿಂದ ಫೀಡ್‌ಗೆ ಹಚ್ಚೂದು, ಮೂರನೇ ತಿಂಗಳಿಂದ 15 ದಿನಕ್ಕೊಮ್ಮೆ ಪೌಡರ್, ಬಿಸಿಲಿದ್ದ ದಿನ ಅಷ್ಟ. ಬ್ಯಾರಲ್ ತೊಳದು ನಮ್ಮವ್ವಗ ನೀರು ತುಂಬಾಕ ಕೊಟ್ಟೀವಿ.